ತೋಳದ ಮರಿಗೂ ಅಭಯದಾನ

ತೀರ್ಥಂಕರರ ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಒಂದು ತಿರ್ಯಂಚ ಜೀವಿಗಳದು. ಅಲ್ಲಿ ಹುಲಿ-ಹಸು, ಹಾವು-ಮುಂಗುಸಿಗಳು ಹುಟ್ಟುವೈರವನ್ನು ಮರೆತು ಜಿನವಾಣಿಯನ್ನು ಆಲಿಸುತ್ತವೆ. ಭಗವಾನ್ ಮಹಾವೀರರ ಜೀವವೇ ಪೂರ್ವಭವವೊಂದರಲ್ಲಿ ಸಿಂಹವಾಗಿದ್ದು, ಚಾರಣ ಮುನಿಗಳ ಉಪದೇಶದಿಂದ ಹಿಂಸೆಯನ್ನು ತೊರೆಯಿತೆಂದು ಪುರಾಣಗಳು ಹೇಳುತ್ತವೆ. ಮಾಂಸಾಹಾರಿಯೆಂಬ ಕಾರಣಕ್ಕೆ ಯಾವ ಜೀವಕ್ಕೂ ಜಿನಧರ್ಮವು ಬಾಗಿಲು ಮುಚ್ಚಲಿಲ್ಲ. ಆದರೆ ತೋಳದ ಹೆಸರು ಕೇಳಿದೊಡನೆ ನಮ್ಮ ಮನಸ್ಸಿನ ಬಾಗಿಲು ಮುಚ್ಚಿಕೊಳ್ಳುತ್ತದೆ.

ಮತ್ತೋಡು, ಹೊಸದುರ್ಗ, ಹಿರಿಯೂರು ಸೀಮೆಯ ಕುರುಚಲು ಗುಡ್ಡಗಳು, ಹುಲ್ಲುಬಯಲುಗಳು, ಅಮೃತಮಹಲ್ ಕಾವಲುಗಳಂಥ ನೆಲವೇ ತೋಳದ ಮನೆ. ಅದಕ್ಕೆ ದಟ್ಟಡವಿ ಬೇಕಿಲ್ಲ. ಅದರ ಹಿಂಡೆಂಬುದು ವಾಸ್ತವದಲ್ಲಿ ಒಂದು ಕುಟುಂಬ: ತಂದೆ, ತಾಯಿ ಮತ್ತು ಅವುಗಳ ಮಕ್ಕಳು. ಸುಮಾರು 63 ದಿನಗಳ ಗರ್ಭದ ಬಳಿಕ ಕಣ್ಣು ತೆರೆಯದ ಮರಿಗಳು ಬಿಲದಲ್ಲಿ ಹುಟ್ಟುತ್ತವೆ. ತಾಯಿ ಮರಿಗಳ ಬಳಿಯಲ್ಲೇ ಇರುವಾಗ ತಂದೆಯೂ ಹಿಂದಿನ ಸೂಲಿನ ಅಣ್ಣ-ಅಕ್ಕಂದಿರೂ ಬೇಟೆಯಾಡಿ, ಹೊಟ್ಟೆಯಲ್ಲಿ ತಂದ ಆಹಾರವನ್ನು ಕಕ್ಕಿ ಉಣಿಸುತ್ತವೆ. ಜೀವಜೀವಗಳು ಪರಸ್ಪರ ಉಪಕಾರಕ್ಕಾಗಿಯೇ ಇವೆ ಎಂಬ ಉಮಾಸ್ವಾಮಿ ಆಚಾರ್ಯರ ಬೋಧನೆಗೆ ಆ ಬಿಲವೂ ಒಂದು ನಿದರ್ಶನ. ಇಂಥ ಕುಟುಂಬದಲ್ಲಿ ಒಂದನ್ನು ಕೊಂದರೆ ಕಾದು ಕುಳಿತ ಮರಿಗಳ ತುತ್ತೂ ತಪ್ಪುತ್ತದೆ.

ಹಾಗಾದರೆ ಕುರಿ ಕಳೆದುಕೊಂಡ ಕುರಿಗಾಹಿಯ ಸಂಕಟಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. ಶಾಸ್ತ್ರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದೆ. ಮಂದೆಯ ಮೇಲೆರಗಿದ ಮೃಗವನ್ನು ಕೂಗಿ, ನಾಯಿ ಬಿಟ್ಟು ಓಡಿಸುವಾಗ ಉಂಟಾಗುವುದು ವಿರೋಧೀ ಹಿಂಸೆ. ಗೃಹಸ್ಥನಿಗೆ ಅದು ಪೂರ್ಣವಾಗಿ ತಪ್ಪಿಸಲಾಗದ್ದು. ಆದರೆ ಬಿಲವನ್ನು ಹುಡುಕಿ ಹೋಗಿ ಹೊಗೆ ಹಾಕುವುದು, ಸತ್ತ ಕುರಿಗೆ ವಿಷ ಬೆರೆಸಿಡುವುದು ಶುದ್ಧ ಸಂಕಲ್ಪೀ ಹಿಂಸೆ. ಅಣುವ್ರತಿಯು ಮೊದಲು ತ್ಯಜಿಸಬೇಕಾದುದು ಇದನ್ನೇ. ಆ ವಿಷಕ್ಕೆ ನರಿ, ಹದ್ದು, ಊರನಾಯಿಗಳೂ ಬಲಿಯಾಗುತ್ತವೆ.

ದೇಶದಲ್ಲಿ ಉಳಿದಿರುವ ತೋಳಗಳು 2,000ದಿಂದ 3,000 ಇರಬಹುದೆಂದು ಅಂದಾಜು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ತೋಳಕ್ಕೆ ಸ್ಥಾನವಿದೆ. ಮೇಲುಕೋಟೆಯ ಅಭಯಾರಣ್ಯ 1974ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಧಾಮವೇ ರೂಪುಗೊಂಡಿದೆ. ಆದರೂ ಹುಲ್ಲುಗಾವಲನ್ನು ‘ಬಂಜರು’ ಎಂದು ಕರೆದು ಅಗೆಯುವ, ಉಳುವ, ನಿವೇಶನ ಮಾಡುವ ಆಸೆ ನಿಂತಿಲ್ಲ. ಇಲ್ಲಿಯೇ ಪರಿಗ್ರಹ ಪರಿಮಾಣ ವ್ರತದ ಅಗತ್ಯವಿರುವುದು.

ಆಹಾರ, ಔಷಧ, ಶಾಸ್ತ್ರ, ಅಭಯ – ಈ ನಾಲ್ಕು ದಾನಗಳಲ್ಲಿ ಅಭಯದಾನವನ್ನು ನಾವು ಬಹಳವಾಗಿ ಕೊಂಡಾಡುತ್ತೇವೆ. ಆದರೆ ತೋಳಕ್ಕೆ ನೀಡುವ ಅಭಯದ ಬೆಲೆಯನ್ನು ಬಡ ಕುರಿಗಾಹಿಯೊಬ್ಬನೇ ತೆರುವುದಾದರೆ ಅದು ನಮ್ಮ ದಾನ ಹೇಗಾದೀತು? ಶ್ರಾವಕ ಬಂಧುಗಳು ಅವನ ಕುರಿಹಟ್ಟಿಗೆ ಭದ್ರವಾದ ಬೇಲಿ ಹಾಕಿಸಲು ನೆರವಾಗಲಿ; ಕುರಿ ಸತ್ತಾಗ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಬರೆದುಕೊಡಲಿ; ಮರಿಗಳಿರುವ ಬಿಲದತ್ತ ಜನ ಸುಳಿಯದಂತೆ ತಿಳಿಹೇಳಲಿ. ಕುರಿಗಾಹಿಯ ಭಯವನ್ನೂ ತೋಳದ ಭಯವನ್ನೂ ಒಟ್ಟಿಗೆ ನೀಗಿಸಿದಾಗಲೇ ಅಭಯದಾನವು ಪೂರ್ಣವಾಗುತ್ತದೆ.