ಮಠದ ವೈನು, ಅಪ್ಪನ ಚಪ್ಪರ

ಗುಜರಾತಿನಲ್ಲಿರುವ ಕನ್ನಡಿಗರಿಗೆ ಗೊತ್ತಿರುವ ಮಾತೇ: ರಾಜ್ಯ ಹುಟ್ಟಿದ 1960ರಿಂದಲೂ ಇಲ್ಲಿ ಪಾನನಿಷೇಧ. ವೈನ್ ಬಾಟಲಿ ಹಿಡಿದು ಅಹಮದಾಬಾದಿನಲ್ಲಿ ಇಳಿದರೆ ಪರ್ಮಿಟ್ಟಿನ ಫಜೀತಿ. ಹಾಗಾಗಿ ಕಳೆದ ವರ್ಷ ಫ್ರಾನ್ಸಿನ ಪ್ರಾಜೆಕ್ಟ್ ಮುಗಿಸಿ ವಡೋದರಕ್ಕೆ ಮರಳುವ ಮೊದಲು ದೊಡ್ಡಬಳ್ಳಾಪುರದ ಮನೆಗೆ ಹೋದೆ.

ಬ್ಯಾಗಿನಲ್ಲಿದ್ದದ್ದು ಮಠದ ವೈನು! ಮಠವೆಂದರೆ ದಾಸೋಹದ ಅನ್ನ-ಸಾರು ನೆನೆಯುವ ನಮಗೆ ಇದು ವಿಚಿತ್ರವೇ. ಕಾನ್ ಪಟ್ಟಣದೆದುರಿನ ಸೇಂಟ್ ಹೊನೊರಾ ದ್ವೀಪದಲ್ಲಿ 5ನೇ ಶತಮಾನದಲ್ಲೇ ಮಠ ಕಟ್ಟಿದ್ದರು. 18ನೇ ಶತಮಾನದ ಕೊನೆಗೆ ಅದು ಮುಚ್ಚಿ, ದ್ವೀಪ ಮಾರಾಟವಾಗಿ ನಟಿಯೊಬ್ಬಳ ಪಾಲಾಯಿತು. 1869ರಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು ಬಂದು ನೆಲೆಸಿದರು. ಈಗ ಸುಮಾರು 8 ಹೆಕ್ಟೇರಿನಲ್ಲಿ ಸಿರಾ ಮುಂತಾದ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರೆ.

ಅಪ್ಪ ಕುಡಿಯುವವರಲ್ಲ. ಫೋನಿನಲ್ಲಿ ತೋಟದ ಫೋಟೊ ಹಿಗ್ಗಿಸಿ ನೋಡಿ, "ಚಪ್ಪರ ಎಲ್ಲೋ?" ಅಂದರು. ಅಲ್ಲಿ ಬಳ್ಳಿ ಹಬ್ಬುವುದು ತಂತಿಸಾಲಿಗೆ, ಕೊಯ್ಲು ವರ್ಷಕ್ಕೊಂದೇ. ನಮ್ಮ ಬೆಂಗಳೂರು ಬ್ಲೂ ಕಲ್ಲುಕಂಬದ ಚಪ್ಪರದಲ್ಲಿ ಎರಡು ಬೆಳೆ ಕೊಡುತ್ತದೆ. ಅದಕ್ಕೆ 2013ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಆದರೆ ನಮ್ಮ ಒಂದೂವರೆ ಎಕರೆಯ ಮೇಲೆ ಲೇಔಟ್‌ನವರ ಕಣ್ಣು. ಮಾರಿಬಿಡೋಣ ಎಂದು ಹಟ ಹಿಡಿದವನು ನಾನೇ, ವಡೋದರದ ಫ್ಲ್ಯಾಟಿನ ಮುಂಗಡಕ್ಕಾಗಿ.

"ಮುಚ್ಚಿದ ಮೇಲೆ ಎಷ್ಟು ವರ್ಷಕ್ಕೆ ಬಂದರು?"

"ಸುಮಾರು ಎಂಬತ್ತು."

"ಅಷ್ಟು ದಿನ ಆ ಜಾಗದಲ್ಲಿ ಸೈಟು ಮಾಡ್ಲಿಲ್ವಲ್ಲ," ಅಂದವರೇ ಚಾಟ್ನಿಯ ಕತ್ತರಿ ಹುಡುಕಿಕೊಂಡು ಎದ್ದರು.

ಬಾಟಲಿ ಇನ್ನೂ ಅಟ್ಟದ ಮೇಲಿದೆ. ಬ್ರೋಕರ್ ಎರಡು ಸಲ ಫೋನ್ ಮಾಡಿದ, ನಾನು ಎತ್ತಲಿಲ್ಲ.