ಬೆಳ್ಳೂರಿನ ಹಕ್ಕಿಗಳ ಬಾಣಂತನ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮಾಘ, ಫಾಲ್ಗುಣ ಮಾಸಗಳು ಬಂದವೆಂದರೆ ಊರ ನಡುವಣ ಹುಣಿಸೆ, ಆಲ, ಅರಳಿ ಮರಗಳು ಗೂಡುಗಳಿಂದ ತುಂಬಿಹೋಗುತ್ತವೆ. ಮೊದಲು ಬರುವುದು ಹೆಜ್ಜಾರ್ಲೆ. ಅದರ ಹಿಂದೆಯೇ ಬಣ್ಣದ ಕೊಕ್ಕರೆ. ಇವು ಹೊರದೇಶದಿಂದ ಬರುವ ಅತಿಥಿಗಳೆಂಬ ಭಾವನೆ ಹಲವರಲ್ಲಿದೆ, ಅದು ಸರಿಯಲ್ಲ. ಮಳೆಗಾಲದಲ್ಲಿ ನಾಡಿನ ಕೆರೆ ಹೊಳೆಗಳಲ್ಲಿ ಚದುರಿ ಬಾಳುವ ಈ ಹಕ್ಕಿಗಳು ಸಂತಾನಕ್ಕಾಗಿ ಮಾತ್ರ ಇಲ್ಲಿ ಒಂದುಗೂಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಗ್ರಾಮಸ್ಥರು ಇವುಗಳನ್ನು ಭಾವಿಸುತ್ತಾರೆ.

ಹೆಜ್ಜಾರ್ಲೆಯು ಸಾಮಾನ್ಯವಾಗಿ ಎರಡು ಮೂರು ಮೊಟ್ಟೆಗಳನ್ನಿಟ್ಟು, ಸುಮಾರು 30 ದಿನಗಳ ಕಾಲ ಕಾವು ಕೊಡುತ್ತದೆ. ತಾಯಿತಂದೆಗಳ ಕೊಕ್ಕಿನ ಚೀಲದೊಳಗೆ ತಲೆಯನ್ನೇ ತೂರಿಸಿ ಮೀನುಣ್ಣುವ ಮರಿಯ ನೋಟ ವಿಸ್ಮಯಕರವಾದುದು. ಬಣ್ಣದ ಕೊಕ್ಕರೆಯಾದರೋ ತಂದ ಮೀನನ್ನು ಗೂಡಿನಲ್ಲಿ ಕಕ್ಕುತ್ತದೆ. ಮರಿಗಳು ಅದನ್ನು ಹೆಕ್ಕಿಕೊಳ್ಳುತ್ತವೆ. ಈ ಹಕ್ಕಿ ಕೊಕ್ಕನ್ನು ನೀರಿನಲ್ಲಿ ಅರೆತೆರೆದು ಆಡಿಸುತ್ತ, ಸ್ಪರ್ಶಮಾತ್ರದಿಂದ ಮೀನನ್ನು ಹಿಡಿಯುವುದರಿಂದ ಅದಕ್ಕೆ ಮೊಣಕಾಲುದ್ದದ ನೀರೇ ಅನುಕೂಲ. ಕೆರೆಗಳು ಇಳಿಯತೊಡಗುವ ಋತುವಿನಲ್ಲಿಯೇ ಮರಿಗಳು ಬೆಳೆಯುವುದರ ಮರ್ಮ ಇದು.

ಮರದಡಿಯಲ್ಲಿ ಬಿದ್ದ ಹಿಕ್ಕೆಯನ್ನು ರೈತರು ಕೆರೆಗೋಡಿನೊಡನೆ ಬೆರೆಸಿ ಹೊಲಗಳಿಗೆ ಗೊಬ್ಬರವಾಗಿ ಬಳಸಿದರು. ಆದರೆ ಹಕ್ಕಿಗಳಿಂದ ಹುಣಿಸೆಯ ಫಸಲು ಕುಗ್ಗುವುದೂ ನಿಜ, ಹುಣಿಸೆ ಮರವೆಂದರೆ ಬಡ ಕುಟುಂಬಕ್ಕೆ ವರ್ಷದ ಆದಾಯವೆಂಬುದೂ ನಿಜ. ವಾಸನೆಯನ್ನೂ ಗದ್ದಲವನ್ನೂ ತಿಂಗಳುಗಟ್ಟಲೆ ಸಹಿಸುವವರು ಊರವರೇ ಹೊರತು ನೋಡಿ ಹೋಗುವವರಲ್ಲ! 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಗ್ರಾಮದತ್ತ ಹೊರಜಗತ್ತಿನ ಗಮನ ಸೆಳೆದ ಬಳಿಕ, ಮರದ ಒಡೆಯರ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ನೀಡತೊಡಗಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಬಿಡುವ ಕಾರ್ಯವನ್ನು ಊರಿನ ಯುವಕರ 'ಹೆಜ್ಜಾರ್ಲೆ ಬಳಗ' ಕೈಗೊಂಡಿತು. 2007ರಲ್ಲಿ ಗ್ರಾಮವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಘೋಷಣೆಯೊಂದರಿಂದಲೇ ಎಲ್ಲವೂ ಸುರಕ್ಷಿತವಾಗದು. 2017ರ ಕೊನೆಯಿಂದ ಮುಂದಿನ ವರ್ಷದವರೆಗೆ ಮೀನಿನ ಮೂಲಕ ಹೊಟ್ಟೆ ಸೇರುವ ಜಂತುಹುಳುಗಳ ಬಾಧೆಯಿಂದ ಅನೇಕ ಹೆಜ್ಜಾರ್ಲೆಗಳು ಅಸುನೀಗಿದವು. ಗೂಡು ಊರಿನಲ್ಲಿದ್ದರೂ ಅನ್ನ ಹೊರಗಿನ ಕೆರೆ ಹೊಳೆಗಳಲ್ಲಿದೆ. ಆ ನೀರು ಕೆಟ್ಟರೆ ಗ್ರಾಮಸ್ಥರ ಅಕ್ಕರೆಯೊಂದೇ ಸಾಲದು. ಹಳೆಯ ಮರಗಳ ಪ್ರಶ್ನೆಯೂ ಇದೆ. ನಾಲ್ಕೈದು ಕಿಲೋ ತೂಗುವ ಹಕ್ಕಿಗಳ ಸಂಸಾರಗಳನ್ನು ಹೊರುವಷ್ಟು ಹುಣಿಸೆ ಸಸಿಯೊಂದು ಬಲಿಯಲು ದಶಕಗಳೇ ಬೇಕು. ಇಂದು ಉರುಳಿದ ಮರದ ಜಾಗಕ್ಕೆ ಇಂದೇ ನೆಟ್ಟ ಸಸಿಯೂ ಬರುವ ಚೈತ್ರಕ್ಕೆ ಒದಗುವುದಿಲ್ಲ.