ಗ್ಯಾರೇಜ್ ಬಿಲ್ ನೋಡಿ ಗಾಬರಿಯಾದ್ರಾ?

ಟಂಟಂ ಗಾಡಿಯ ಎಫ್.ಸಿ. ಮುಗಿಯೋಕೆ ಇನ್ನು ಹತ್ತೇ ದಿನ. ತಪಾಸಣೆಗೆ ಒಯ್ಯುವ ಮುಂಚೆ ಬ್ರೇಕು, ಲೈಟು ಸರಿ ಮಾಡಿಸೋಣ ಅಂತ ಗ್ಯಾರೇಜಿಗೆ ಬಿಟ್ಟಿರ್ತೀರಿ. ‘ಎರಡು ಸಾವಿರದೊಳಗ ಮುಗೀತೈತ್ರಿ ಅಕ್ಕಾರ’ ಅಂದಿರ್ತಾರೆ ಮಿಸ್ತ್ರಿ. ಎರಡು ದಿನ ಬಿಟ್ಟು ಹೋದರೆ ಕೈಗೆ ಬರೋದು ಏಳು ಸಾವಿರದ ಚೀಟಿ! ಕ್ಲಚ್ ಪ್ಲೇಟು, ಬೇರಿಂಗು, ಕೇಬಲ್ಲು... ನೀವು ಹೇಳದೇ ಇದ್ದದ್ದೆಲ್ಲ ಅದರಲ್ಲಿ ಇರುತ್ತೆ. ಕೇಳಿದರೆ, ‘ಇವೆಲ್ಲ ಹಾಕದಿದ್ರ ಗಾಡಿ ಪಾಸ್ ಆಗಂಗಿಲ್ರಿ’ ಅನ್ನುವ ಒಂದೇ ಉತ್ತರ.

ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಬಹಳಷ್ಟು ಹೆಣ್ಣುಮಕ್ಕಳು ಮಾಡೋದು ಎರಡರಲ್ಲಿ ಒಂದು. ‘ಗಾಡಿ ವಿಚಾರ ನಮಗೇನು ಗೊತ್ತಾಗುತ್ತೆ’ ಅಂತ ಸುಮ್ಮನೆ ದುಡ್ಡು ಎಣಿಸಿ ಕೊಡ್ತೀವಿ. ಇಲ್ಲವಾದರೆ ಜಗಳ ಆಡಿ, ಬೈಸಿಕೊಂಡು, ಕೊನೆಗೆ ಅಷ್ಟೇ ದುಡ್ಡು ಕೊಟ್ಟು ಬರ್ತೀವಿ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಗಾಡಿ ಅನ್ನೋದು ಈಗ ಬರೀ ಗಂಡಸರ ವ್ಯವಹಾರವಾಗಿ ಉಳಿದಿಲ್ಲ. ಸ್ಕೂಟಿಯಲ್ಲಿ ಶಾಲೆಗೆ ಹೋಗುವ ಟೀಚರಮ್ಮ ಇದ್ದಾರೆ. ಸಂಘದ ಸಾಲ ತೆಗೆದು ಮಗನಿಗೆ ಟಂಟಂ ಕೊಡಿಸಿದ ತಾಯಿ ಇದ್ದಾರೆ. ತರಕಾರಿ ಸಾಗಿಸಲು ತಮ್ಮ ಹೆಸರಲ್ಲೇ ಚಿಕ್ಕ ಗೂಡ್ಸ್ ಗಾಡಿ ಇಟ್ಟುಕೊಂಡವರೂ ಇದ್ದಾರೆ. ಐದು ಸಾವಿರ ಹೆಚ್ಚಿಗೆ ಹೋದರೆ ಆ ತಿಂಗಳ ಕಂತು ತಪ್ಪೋದು ನಿಮ್ಮದೇ, ಸಂಘದ ಸಭೆಯಲ್ಲಿ ತಲೆ ತಗ್ಗಿಸಿ ಕೂರೋರೂ ನೀವೇ. ಅಂದಮೇಲೆ ಬಿಲ್ಲಿನ ಲೆಕ್ಕ ಕೇಳುವ ಹಕ್ಕೂ ನಿಮ್ಮದೇ ಅಲ್ಲವೇ?

ಕೀ ಕೊಡುವ ಮೊದಲೇ ಮಾತಾಡಿ

ಒಂದು ವಿಷಯ ಮೊದಲು ತಿಳಿದಿರಲಿ. ನೀವು ಒಪ್ಪಿ ಮಾಡಿಸಿದ ಕೆಲಸದ ಕೂಲಿ ಕೊಡುವ ತನಕ ಗಾಡಿಯನ್ನು ತನ್ನ ಬಳಿ ಇಟ್ಟುಕೊಳ್ಳುವ ಹಕ್ಕು ರಿಪೇರಿ ಮಾಡಿದವರಿಗೆ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನಲ್ಲೇ ಇದು ಬರುತ್ತದೆ. ಅಂದರೆ ಗಾಡಿ ಬಿಚ್ಚಿ ಹಾಕಿದ ಮೇಲೆ, ಎಫ್.ಸಿ. ದಿನ ಹತ್ತಿರ ಬಂದ ಮೇಲೆ ಚೌಕಾಸಿ ಮಾಡುವ ಬಲ ನಿಮ್ಮ ಕೈಯಲ್ಲಿ ಇರೋದಿಲ್ಲ. ನಿಮ್ಮ ಮಾತಿಗೆ ಪೂರ್ತಿ ಬೆಲೆ ಇರೋದು ಕೀ ಇನ್ನೂ ನಿಮ್ಮ ಕೈಯಲ್ಲಿರುವಾಗ ಮಾತ್ರ.

ಹಾಗಾಗಿ ಕೀ ಕೊಡುವ ಮೊದಲು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿ: ‘ಅಣ್ಣಾರ, ಏನೇನು ಕೆಲಸ, ಎಷ್ಟಾಗತೈತಿ ಅಂತ ಚೀಟ್ಯಾಗ ಬರ್ದು ಕೊಡ್ರಿ. ಹೆಚ್ಚಿನ ಕೆಲಸ ಇದ್ರ ಮೊದ್ಲ ಫೋನ್ ಮಾಡ್ರಿ. ನಾ ಹೂಂ ಅನ್ನೋತನ ಬಿಚ್ಚಬ್ಯಾಡ್ರಿ.’ ಇಷ್ಟೇ ಸಾಕು.

ಬರೆದು ಕೊಡೋಕೆ ಅವರಿಗೆ ಬಿಡುವಿಲ್ಲವೇ? ನೀವೇ ಅವರ ಮೊಬೈಲಿಗೆ ವಾಟ್ಸ್‌ಆ್ಯಪ್ ಮೆಸೇಜ್ ಕಳಿಸಿ: ‘ಬ್ರೇಕ್ ಶೂ, ಹೆಡ್‌ಲೈಟ್, ಇಂಡಿಕೇಟರ್ ಮಾತ್ರ. 2000 ರೂಪಾಯಿ ಒಳಗೆ. ಹೆಚ್ಚಾದರೆ ಕೇಳಿ ಮಾಡಿ.’ ಅವರು ‘ಆಯ್ತು’ ಅಂತ ಉತ್ತರ ಕೊಟ್ಟರೆ ಅದೇ ನಿಮ್ಮ ದಾಖಲೆ. ಟೈಪ್ ಮಾಡಲು ಬರದಿದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಜೊತೆಗೆ ಗಾಡಿ ಬಿಡುವಾಗ ಮೀಟರ್, ಟೈರು, ಬ್ಯಾಟರಿಯ ಫೋಟೋ ಹೊಡೆದಿಟ್ಟುಕೊಳ್ಳಿ.

ಇದರಿಂದ ಮಿಸ್ತ್ರಿಗೆ ಅವಮಾನ ಆಗುತ್ತೆ ಅಂತ ಅಂಜಬೇಡಿ. ಗಾಡಿ ಬಿಚ್ಚಿದ ಮೇಲೆ ಒಳಗಿನ ದೋಷ ನಿಜವಾಗಿಯೂ ಕಾಣಿಸಿಕೊಳ್ಳಬಹುದು. ಆಗ ಅವರು ಫೋನ್ ಮಾಡಿ ಕೇಳಿದ್ದರೆ ಅವರಿಗೂ ರಕ್ಷಣೆ, ನಿಮಗೂ ನೆಮ್ಮದಿ. ನಿಯತ್ತಿನಿಂದ ಕೆಲಸ ಮಾಡುವ ಮಿಸ್ತ್ರಿ ಬರೆದು ಕೊಡೋಕೆ ಹಿಂಜರಿಯೋದಿಲ್ಲ.

‘ಪಾಸ್ ಆಗಂಗಿಲ್ಲ’ ಅಂತ ಹೇಳೋರು ಯಾರು?

ಬಾಡಿಗೆಗೆ ಓಡುವ ಆಟೊ, ಟಂಟಂ, ಗೂಡ್ಸ್ ಗಾಡಿಗಳಿಗೆ ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ಎಫ್.ಸಿ. ಆಗಬೇಕು. ಸ್ವಂತಕ್ಕೆ ಬಳಸುವ ಸ್ಕೂಟರ್, ಬೈಕು, ಕಾರುಗಳಿಗೆ 15 ವರ್ಷ ತುಂಬಿದಾಗ ತಪಾಸಣೆ ಮಾಡಿಸಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಬೇಕು. ನಮ್ಮ ಕಡೆಯ ಕೆಎ-36 ಗಾಡಿಗಳಿಗೂ ಇದೇ ನಿಯಮ.

ಗಾಡಿ ಪಾಸೋ, ಫೇಲೋ ಅಂತ ನಿರ್ಧರಿಸೋರು ಮೋಟಾರು ವಾಹನ ನಿರೀಕ್ಷಕರು ಅಥವಾ ಸರ್ಕಾರದಿಂದ ಅಧಿಕೃತವಾದ ಪರೀಕ್ಷಾ ಕೇಂದ್ರದವರು. ಗ್ಯಾರೇಜಿನವರು ತಮ್ಮ ಅನುಭವದಿಂದ ಸಲಹೆ ಕೊಡಬಹುದು, ಅಷ್ಟೇ. ಬ್ರೇಕು, ಸ್ಟೀರಿಂಗು, ಲೈಟು, ಇಂಡಿಕೇಟರು, ಹಾರನ್ನು, ಟೈರು, ಹೊಗೆ – ತಪಾಸಣೆಯಲ್ಲಿ ಮುಖ್ಯವಾಗಿ ನೋಡೋದು ಇಂಥವನ್ನು.

ಇಲ್ಲೇ ನಿಮಗೆ ಉಪಯೋಗಕ್ಕೆ ಬರುವ ಒಂದು ಮಾತು. ಎಫ್.ಸಿ. ನಿರಾಕರಿಸಿದರೆ ಅದಕ್ಕೆ ಕಾರಣವನ್ನು ಬರಹದಲ್ಲೇ ಕೊಡಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮು ಹೇಳುತ್ತದೆ. ಆ ಕಾಗದ ಕೇಳಿ ಪಡೆಯಿರಿ. ಅದರಲ್ಲಿ ‘ಬ್ರೇಕ್ ಸರಿಯಿಲ್ಲ’ ಅಂತ ಮಾತ್ರ ಇದ್ದರೆ, ಗ್ಯಾರೇಜಿನಲ್ಲಿ ಅದನ್ನೇ ಮುಂದಿಟ್ಟು ‘ಇದೊಂದು ಮಾಡ್ರಿ’ ಅನ್ನಬಹುದು. ಕಾಗದ ಇಲ್ಲದಿದ್ದರೆ ‘ಸಾಹೇಬ್ರು ಹೇಳ್ಯಾರ್ರಿ’ ಅನ್ನೋ ಮಾತಿಗೆ ಕೊನೆಯೇ ಇರೋದಿಲ್ಲ.

ತಪಾಸಣೆಯ ಸರ್ಕಾರಿ ಶುಲ್ಕಕ್ಕೆ ರಸೀದಿ ಇದ್ದೇ ಇರುತ್ತೆ. ಗ್ಯಾರೇಜಿನವರೋ, ಏಜೆಂಟರೋ ‘ಎಲ್ಲಾ ಸೇರಿ ಇಷ್ಟು’ ಅಂದರೆ ಒಪ್ಪಬೇಡಿ. ಶುಲ್ಕ ಎಷ್ಟು, ರಿಪೇರಿ ಎಷ್ಟು, ಅವರ ಓಡಾಟದ ಖರ್ಚು ಎಷ್ಟು ಅಂತ ಬಿಡಿಸಿ ಕೇಳಿ.

ಇನ್ನೊಂದು ಕಿವಿಮಾತು: ಎಫ್.ಸಿ. ಮುಗಿಯುವ ದಿನಾಂಕವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಒಂದು ತಿಂಗಳ ಮುಂಚೆಯೇ ಗುರುತು ಹಾಕಿಡಿ. ಭತ್ತದ ಸುಗ್ಗಿ ಬಂತೆಂದರೆ ಗ್ಯಾರೇಜುಗಳ ಮುಂದೆ ಗಾಡಿ ಸಾಲುಗಟ್ಟುತ್ತವೆ. ಅವಸರದಲ್ಲಿ ಹೋದವರಿಗೆ ಇನ್ನೊಂದು ಗ್ಯಾರೇಜಿನಲ್ಲಿ ವಿಚಾರಿಸಲು ಪುರುಸೊತ್ತು ಇರೋದಿಲ್ಲ.

ಬಿಲ್ ಕೈಗೆ ಬಂದಾಗ ಇವನ್ನು ನೋಡಿ

• ಬಿಲ್ ಕೇಳಿ ಪಡೆಯಿರಿ. ಅಂಗಡಿ ಹೆಸರು, ವಿಳಾಸ, ನಂಬರು, ದಿನಾಂಕ, ನಿಮ್ಮ ಹೆಸರು, ಯಾವ ಕೆಲಸಕ್ಕೆ ಎಷ್ಟು ಅನ್ನೋದು ಅದರಲ್ಲಿ ಇರಬೇಕು. ಬಿಲ್ ಕೊಡದಿರೋದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ.

• ಸ್ಪೇರ್ ಪಾರ್ಟ್ ಬೇರೆ, ಲೇಬರ್ ಚಾರ್ಜ್ ಬೇರೆ ಬರೆಸಿ. ‘ರಿಪೇರಿ – 7000’ ಅಂತ ಒಂದೇ ಸಾಲು ಇದ್ದರೆ ಯಾವುದಕ್ಕೆ ಎಷ್ಟಾಯಿತು ಅಂತ ಯಾರಿಗೂ ತಿಳಿಯೋದಿಲ್ಲ.

• ಹೊಸ ಪಾರ್ಟಿನ ಖಾಲಿ ಡಬ್ಬಿ ಕೇಳಿ. ಅದರ ಮೇಲೆ ಎಂ.ಆರ್.ಪಿ. ಇರುತ್ತೆ. ಅದಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ. ಎಂ.ಆರ್.ಪಿ. ಅಂದರೆ ಎಲ್ಲಾ ತೆರಿಗೆ ಸೇರಿದ ಬೆಲೆ. ಅದರ ಮೇಲೆ ಮತ್ತೆ ಜಿ.ಎಸ್.ಟಿ. ಹಾಕಿದ್ದರೆ ತೆಗೆಸಿ.

• ಬಿಚ್ಚಿದ ಹಳೇ ಪಾರ್ಟುಗಳನ್ನೂ ಕೇಳಿ. ‘ಬದಲಾಯಿಸಿದ್ದೀವಿ’ ಅಂದದ್ದು ನಿಜವೋ ಅಲ್ಲವೋ ಅನ್ನೋದಕ್ಕೆ ಅವೇ ಸಾಕ್ಷಿ. ಇನ್ನೊಬ್ಬ ಮಿಸ್ತ್ರಿಗೆ ತೋರಿಸಿದರೆ ಅದು ನಿಜಕ್ಕೂ ಸವೆದಿತ್ತೇ ಅಂತ ಹೇಳಬಲ್ಲರು.

• ಬಿಲ್ಲಿನಲ್ಲಿ ಜಿ.ಎಸ್.ಟಿ. ಹಾಕಿದ್ದರೆ ಅಂಗಡಿಯ 15 ಅಕ್ಷರ–ಅಂಕಿಗಳ ಜಿ.ಎಸ್.ಟಿ. ನಂಬರ್ ಇದೆಯಾ ನೋಡಿ. ನೋಂದಣಿ ಇಲ್ಲದ ಅಂಗಡಿ ಆ ಹೆಸರಲ್ಲಿ ದುಡ್ಡು ವಸೂಲಿ ಮಾಡುವಂತಿಲ್ಲ. ವಾಹನದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಗಿದೆ. ‘28 ಪರ್ಸೆಂಟ್’ ಅನ್ನೋದು ಹಳೇ ಲೆಕ್ಕ.

ಗಾಡಿ ಬಿಡ್ತಿಲ್ಲ, ಏನ್ ಮಾಡಲಿ?

ಮೊದಲು, ತಕರಾರು ಇಲ್ಲದ ಮೊತ್ತವನ್ನು ಒಪ್ಪಿಕೊಳ್ಳಿ. ‘ಬ್ರೇಕಿನ ಕೆಲಸದ ದುಡ್ಡು ಈಗಲೇ ಕೊಡ್ತೀನಿ, ಕ್ಲಚ್ ಪ್ಲೇಟ್ ನಾ ಹೇಳಿರಲಿಲ್ಲ, ಅದನ್ನ ಮಾತಾಡೋಣ್ರಿ’ ಅನ್ನಿ. ಹೆಚ್ಚಿನ ತಕರಾರುಗಳು ಇಲ್ಲೇ ಅರ್ಧಕ್ಕೆ ಇಳಿಯುತ್ತವೆ. ಮನೆಯಿಂದ ಅತ್ತೆಯನ್ನೋ, ಸಂಘದ ಒಬ್ಬ ಗೆಳತಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಗಲಾಟೆಗೆ ಅಲ್ಲ, ಮಾತಿಗೆ ಸಾಕ್ಷಿಯಾಗಿ.

ಅವರು ಪೂರ್ತಿ ದುಡ್ಡು ಕೊಡದೆ ಕೀ ಕೊಡಲ್ಲ ಅಂದರೆ? ಗಾಡಿ ನಿಂತರೆ ದಿನದ ದುಡಿಮೆ ನಿಲ್ಲುತ್ತೆ. ಅಂಥ ಹೊತ್ತಿನಲ್ಲಿ ದುಡ್ಡು ಕೊಟ್ಟು ಗಾಡಿ ಬಿಡಿಸಿಕೊಳ್ಳುವುದು ಸೋಲಲ್ಲ. ಆದರೆ ಬಿಲ್ಲಿನ ಎರಡೂ ಪ್ರತಿಗಳ ಮೇಲೆ ನಿಮ್ಮ ಕೈಬರಹದಲ್ಲಿ ಹೀಗೆ ಬರೆಯಿರಿ: ‘ಕ್ಲಚ್ ಪ್ಲೇಟ್ ಮತ್ತು ಬೇರಿಂಗ್ ಕೆಲಸ ನಾನು ಹೇಳಿರಲಿಲ್ಲ. ತಕರಾರು ಇಟ್ಟುಕೊಂಡು ಹಣ ಕೊಟ್ಟಿದ್ದೇನೆ.’ ಕೆಳಗೆ ಸಹಿ, ದಿನಾಂಕ. ಬರೆಯಲು ಬಿಡದಿದ್ದರೆ ಹೊರಗೆ ಬಂದ ಕೂಡಲೇ ಅದನ್ನೇ ಮೆಸೇಜ್ ಮಾಡಿ. ನಗದು ಕೊಡಬೇಡಿ, ಯು.ಪಿ.ಐ. ಮೂಲಕ ಕೊಡಿ; ಎಷ್ಟು ಕೊಟ್ಟಿರಿ ಅನ್ನೋದಕ್ಕೆ ಬೇರೆ ಪುರಾವೆ ಬೇಡ.

ಒಂದು ಮಾತ್ರ ಮಾಡಬೇಡಿ. ಸಿಟ್ಟಿನಲ್ಲಿ ಮನೆಯ ಡೂಪ್ಲಿಕೇಟ್ ಕೀ ಹಾಕಿ ರಾತ್ರಿ ಗಾಡಿ ತಂದುಬಿಡೋಣ ಅಂತ ಹುಡುಗರು ಹೊರಟರೆ ತಡೆಯಿರಿ. ನ್ಯಾಯ ನಿಮ್ಮ ಕಡೆ ಇದ್ದರೂ ದೂರು ನಿಮ್ಮ ಮೇಲೇ ತಿರುಗೀತು.

1915 – ಮಸ್ಕಿಯವರು ಮರೆಯದ ನಂಬರು

ಗಾಡಿ ಮನೆಗೆ ಬಂದ ಮೇಲೆ ನಿಮ್ಮ ದೂರನ್ನು ಒಂದು ಹಾಳೆಯಲ್ಲಿ ಬರೆದು ಗ್ಯಾರೇಜಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ಎಷ್ಟು ಹಣ ವಾಪಸ್ ಬೇಕು, ಎಷ್ಟು ದಿನದೊಳಗೆ ಬೇಕು ಅಂತ ಸ್ಪಷ್ಟವಾಗಿ ತಿಳಿಸಿ. ಹದಿನೈದು ದಿನ ಕೊಡಿ. ಅಂಚೆ ರಸೀದಿ ಜೋಪಾನ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ನಂಬರು 1915. ಕನ್ನಡದಲ್ಲೇ ಮಾತಾಡಬಹುದು. ನಂಬರು ನೆನಪಿಟ್ಟುಕೊಳ್ಳೋದು ನಮ್ಮ ಕಡೆಯವರಿಗೆ ಬಲು ಸುಲಭ. ಅಶೋಕನ ಹೆಸರನ್ನು ಜಗತ್ತಿಗೆ ಖಚಿತವಾಗಿ ತೋರಿಸಿಕೊಟ್ಟ ಮಸ್ಕಿಯ ಬಂಡೆಗಲ್ಲಿನ ಶಾಸನ ಪತ್ತೆಯಾದದ್ದೂ 1915ರಲ್ಲೇ! ಸಹಾಯವಾಣಿಯವರು ತೀರ್ಪು ಕೊಡುವುದಿಲ್ಲ, ಎದುರಿನವರಿಗೆ ದೂರು ಮುಟ್ಟಿಸಿ ರಾಜಿಗೆ ಪ್ರಯತ್ನಿಸುತ್ತಾರೆ.

ಅದೂ ಆಗದಿದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿ ಹೈದರಾಬಾದಿನಲ್ಲೋ ಬಳ್ಳಾರಿಯಲ್ಲೋ ಕೆಟ್ಟು ಅಲ್ಲೇ ರಿಪೇರಿ ಆಗಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ. 2025ರ ಜನವರಿಯಲ್ಲಿ ಶುರುವಾದ ‘ಇ-ಜಾಗೃತಿ’ ವ್ಯವಸ್ಥೆಯಲ್ಲಿ ಆನ್‌ಲೈನ್ ಮೂಲಕವೂ ದೂರು ಸಲ್ಲಿಸಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಆಕೆಗೆ ಹೇಳಿ.

‘ನಮ್ಮದು ಬಾಡಿಗೆ ಗಾಡಿ, ನಾವು ಗ್ರಾಹಕರು ಹೆಂಗಾಗ್ತೀವಿ?’ ಅನ್ನೋ ಅನುಮಾನ ಬರಬಹುದು. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆ ಇಟ್ಟುಕೊಂಡದ್ದನ್ನು ಕಾನೂನು ವಾಣಿಜ್ಯ ಉದ್ದೇಶ ಅಂತ ಎಣಿಸೋದಿಲ್ಲ. ಒಬ್ಬಿಬ್ಬರ ನೆರವು ಪಡೆದ ಮಾತ್ರಕ್ಕೆ ಸ್ವಂತ ದುಡಿಮೆ ಅನ್ನೋದು ತಪ್ಪಿಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೆ ಹತ್ತಾರು ಗಾಡಿ ಇಟ್ಟು, ಡ್ರೈವರ್‌ಗಳನ್ನಿಟ್ಟು ವ್ಯಾಪಾರ ಮಾಡುವವರ ಲೆಕ್ಕ ಬೇರೆ. ಗಾಡಿ ನಿಮ್ಮ ಹೆಸರಲ್ಲಿದ್ದರೆ ಬಿಲ್ಲೂ ನಿಮ್ಮ ಹೆಸರಲ್ಲೇ ಇರಲಿ.

ಇದೆಲ್ಲ ಒಬ್ಬರೇ ಮಾಡೋದು ಕಷ್ಟ ಅನ್ನಿಸಿತೇ? ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನಲ್ಲಿ ಇದು ಇದೆ. ಸಿಂಧನೂರು, ಲಿಂಗಸುಗೂರಿನ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಫೋನಿನಲ್ಲಾದರೆ 15100.

ಇನ್ನು ಮುಂದೆ ಗ್ಯಾರೇಜಿಗೆ ಹೋಗುವಾಗ ಪರ್ಸಿನಲ್ಲಿ ಒಂದು ಪೆನ್ನು, ಒಂದು ಚಿಕ್ಕ ನೋಟ್‌ಬುಕ್ಕು ಇರಲಿ. ದಿನಸಿ ಅಂಗಡಿಯಲ್ಲಿ ಬೇಳೆ, ಎಣ್ಣೆಯ ರೇಟು ಕೇಳೋಕೆ ನಾಚದ ನೀವು ಬ್ರೇಕ್ ಶೂ ರೇಟು ಕೇಳೋಕೆ ಯಾಕೆ ನಾಚಬೇಕು? ಮೊದಲ ಸಲ ಸ್ವಲ್ಪ ಮುಜುಗರ ಆಗಬಹುದು. ಎರಡನೇ ಸಲ ಹೋದಾಗ ಮಿಸ್ತ್ರಿಯೇ ‘ಅಕ್ಕಾರ, ಇಷ್ಟಾಗತೈತ್ರಿ, ಮಾಡ್ಲೇನ್ರಿ?’ ಅಂತ ಮೊದಲು ಕೇಳ್ತಾರೆ, ನೋಡ್ತಾ ಇರಿ!